ಎಂಟನೇ ಟಕ್

ಗೇರ್‌ಬಾಕ್ಸ್ ಏರಿಸಿ ಕೂಡಿಸಿ ಕೈ ಒರಸ್ಕೊಂಡೆ.
ವಿಜಾಪುರದ ಅಥಣಿ ರೋಡಿಗೆ ದೀಪ ಹತ್ತಿದ್ವು.
ಲಾಡ್ಲೇಸಾ ಬಸಿಗೆ ಚಾ ಸುರುವಿ ಕೇಳಿದ:
‘ಫ್ಲೈವೀಲಿನ ಎಂಟೂ ಬೋಲ್ಟು ಟಕ್ ಅಂದ್ವಿಲ್ಲೊ?’

ಹೊಸಾವ ಹಾಕೀನ್ರಿ, ಹಳೇವು ಹಿಗ್ಗಿ ಸೋತಿದ್ವು.
ಎಳಿಗೆ ನೀಲಿ ಅಂಟು, ಒಂದೊಂದ ಹನಿ.
ಎದುರಾಬದುರು ಬಿಗದೀನಿ, ಮೂರು ಸುತ್ತಿನಾಗ.

‘ಟಕ್ ಅಂದ್ವೇನು?’

ಏಳು ನೆನಪದಾವ.
ಎಂಟನೇದಕ್ಕ ಕಬ್ಬಿನ ಟ್ರ್ಯಾಕ್ಟರೊಂದು
ಹಾಡು ಹಚ್ಚಿ ಹಾದುಹೋತು.
ಅಂದಿರಬೇಕ್ರಿ, ಅಂದೆ.

ಬೈಲಿಲ್ಲ. ಬಸಿ ಕೆಳಗಿಟ್ಟು
ಜಾಕನ್ನ ಕಾಲಿಲೆ ನನ್ನ ಕಡೆ ನೂಕಿದ.

ಹನ್ನೊಂದಕ್ಕ ಮತ್ತ ಎಲ್ಲಾ ನೆಲದ ಮ್ಯಾಲ:
ಕ್ಲಚ್ಚು, ಪ್ರೆಶರ್ ಪ್ಲೇಟು, ನನ್ನ ಸಿಟ್ಟು.
ಎಂಟನೇದಕ್ಕ ಪಾನಾ ಹಚ್ಚಿ ಜಗ್ಗಿದೆ.
ಜ್ವಾಳದ ಕಾಳಿನಷ್ಟು ತಿರುಗಿತು,
ಆಮ್ಯಾಲ ಟಕ್.

ಅತ್ತಾಗ ಮಾರಿ ಮಾಡಿ
ಬಾಕಿನ ಮ್ಯಾಲ ಮಲಗಿದಾಂವ
‘ಹ್ಞೂಂ’ ಅಂದ,
ನಿದ್ದಿಗೆ ಹೋದ.