ಮೂವತ್ತು ನಿಮಿಷ

ರಾತ್ರಿ ಎರಡೂ ಹತ್ತು. ಗಾಳಿತೊಟ್ಟಿಯಿಂದ ಮೊಗೆದು ತಂದು
ಗಾಜಿನ ಕೊಳವೆಗೆ ಸುರಿದಿದ್ದೇನೆ, ಸಾವಿರದ ಗೀಟಿನವರೆಗೆ.
ಇನ್ನು ಮುಟ್ಟುವಂತಿಲ್ಲ, ಮೇಜು ಅಲುಗಬಾರದು.
ಅರ್ಧ ಗಂಟೆ ಕೆಸರು ತನ್ನ ಮನಸ್ಸು ಹೇಳಬೇಕು,
ನಾನು ಕೇಳಬೇಕು.

ಇದು ಮಂಡ್ಯ ಬೆಳಗಿನಿಂದ ಕೈತೊಳೆದುಕೊಂಡ ನೀರು.
ಗುತ್ತಲಿನ ಬಚ್ಚಲು, ಕಲ್ಲಹಳ್ಳಿಯ ಮುದ್ದೆ ತಪ್ಪಲೆ,
ಭಾನುವಾರವಾದ್ದರಿಂದ ಬಾಡಿನ ಜಿಡ್ಡು ಒಂದು ಕೈ ಹೆಚ್ಚು,
ಆಸ್ಪತ್ರೆಯ ನೆಲದಿಂದ ಫಿನಾಯಿಲು,
ಯಾರದೋ ತಲೆಯಿಂದ ಇಳಿದ ಕರಿಬಣ್ಣ.
ನಾಚಿಕೆಯಿಲ್ಲದೆ ಎಲ್ಲ ಇಲ್ಲಿಗೇ ಬರುತ್ತದೆ.

ಐದು ನಿಮಿಷ. ಇನ್ನೂ ಬರೀ ಕಂದು ಮೋಡ.

ಎರಡು ತಿಂಗಳ ಹಿಂದೆ ಹೀಗೇ ಕೂತಿದ್ದೆ.
ಅರ್ಧ ಗಂಟೆಯಾದರೂ ಒಂಬೈನೂರರಲ್ಲೇ ನಿಂತಿತ್ತು,
ಹಿಂಜಿದ ಅರಳೆಯ ಹಾಗೆ, ಕಂಕುಳಿಂದ ಇಳಿಯದ ಕೂಸಿನ ಹಾಗೆ.
ಆಚೆ ತೊಟ್ಟಿಯಲ್ಲಿ ಪೊರೆಗಳು,
ಶಾವಿಗೆ ಎಳೆಯಂಥ ಟೊಳ್ಳು ನೂಲುಗಳು, ಸಾವಿರ ಸಾವಿರ,
ಮೈತುಂಬ ಲೋಳೆ ಮೆತ್ತಿಕೊಂಡು ಉಸಿರು ಕಟ್ಟಿದ್ದವು.
ಒತ್ತಡದ ಮುಳ್ಳು ದಿನಾ ಒಂದು ಕೂದಲೆಳೆ ಮೇಲೆ.
ಬ್ಲೀಚಿನಲ್ಲಿ ಮೀಯಿಸಿದೆವು. ಮೂರು ದಿನ ಸುಮ್ಮನಿದ್ದವು.
ಮತ್ತೆ ಮೀಯಿಸಿದೆವು.
ಎರಡು ದಿನ.

ಕಂಪನಿಯವನು ಬಂದ, ಟಾರ್ಚು ಬಿಟ್ಟು ನೋಡಿದ,
‘ಪೊರೆ ಮುಗೀತು ಮೇಡಂ, ಹೊಸದು ಹಾಕಿಸಿ’ ಅಂದ.
ಬೆಲೆ ಕೇಳಿ ಸೂಪರ್‌ವೈಸರ್ ಮಾದನಾಯಕರು
ನಿಂತಿದ್ದವರು ಕೂತರು.

ನನಗೆ ಅಪ್ಪನ ಆಲೆಮನೆ ನೆನಪಾಯಿತು.
ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುವಾಗ
ಜಜ್ಜಿದ ಬೆಂಡೆದಂಟಿನ ಲೋಳೆ ಬಿಡುತ್ತಿದ್ದ.
ಕೊಳೆಯೆಲ್ಲ ಒಂದನ್ನೊಂದು ತಬ್ಬಿಕೊಂಡು ಮೇಲೆದ್ದು
ಜಾಲರಿಗೆ ಸಿಕ್ಕಿಬೀಳುತ್ತಿತ್ತು.
‘ಬೆಲ್ಲ ಕೆಟ್ರೆ ಅಚ್ಚಿಗ್ ಬೈಬ್ಯಾಡ ಕಣವ್ವ, ಹಾಲ್ ನೋಡು.’
ಮೀಟಿಂಗಿನಲ್ಲಿ ಬೆಲ್ಲದ ಮಾತು ಯಾರಿಗೆ ಬೇಕು?
ಬಾಯಿ ಮುಚ್ಚಿಕೊಂಡು ಸೂಕ್ಷ್ಮದರ್ಶಕಕ್ಕೆ ಒಂದು ತೊಟ್ಟು ಇಟ್ಟೆ.

ಇರಬೇಕಾದವರು ಇರಲಿಲ್ಲ:
ದಂಟಿನ ತುದಿಯಲ್ಲಿ ಗಂಟೆಹೂವಿನಂತೆ ಬಾಯಿ ತೆರೆದು
ನೀರು ಗುಡಿಸುವ ಪುಟಾಣಿಗಳು ಒಬ್ಬರೂ ಇಲ್ಲ.
ಬರೀ ಕೂದಲು. ಬಾಚಣಿಗೆಗೆ ಸಿಕ್ಕಿದಂಥ ಸಿಕ್ಕು.
ಗಾಳಿ ಸಾಲದ ಕಡೆ ಬೆಳೆಯುವ ಕೂದಲು ಅದು.

ಲಾಗ್‌ಬುಕ್ಕು ತಿರುವಿದೆ.
ರಾತ್ರಿ ಹನ್ನೊಂದರಿಂದ ನಾಲ್ಕರವರೆಗೆ ಒಂದು ಬ್ಲೋವರು ಬಂದ್.
ಕರೆಂಟು ಬಿಲ್ಲು ಉಳಿತಾಯ.
ಪ್ರತಿ ಪುಟದ ಕೆಳಗೂ ಸಹಿ: ಸಿ. ಬಿ. ನಂಜಮಣಿ.
ನನ್ನದೇ.

ಹದಿನೆಂಟು ನಿಮಿಷ. ಮೇಲೆ ಒಂದು ಬೆರಳಗಲ ತಿಳಿ. ಇಲ್ಲ, ಮೂರು ಬೆರಳು.

ಅವತ್ತಿನಿಂದ ಗಾಳಿ ನಿಲ್ಲಿಸಿಲ್ಲ. ಬಿಲ್ಲು ಬಂದಾಗ
ಮಾದನಾಯಕರು ಅದನ್ನು ನನ್ನ ಮೇಜಿನ ಮೇಲಿಟ್ಟು
ಏನೂ ಹೇಳದೆ ಟೀ ಕುಡಿಯಲು ಹೋದರು.
ದಿನಾ ಹೊರಗೆಳೆಯುತ್ತಿದ್ದ ಕೆಸರನ್ನು ಅರ್ಧಕ್ಕಿಳಿಸಿದೆ,
ಎಳೆಯದಕ್ಕೆ ಬಲಿಯಲು ಪುರುಸೊತ್ತು ಬೇಕಲ್ಲ.
ಹತ್ತು ದಿನ ಏನೂ ಆಗಲಿಲ್ಲ. ನೊರೆ ಇನ್ನೂ ಹೆಚ್ಚಾಯಿತು.
ಹನ್ನೊಂದನೆಯ ರಾತ್ರಿ ಗಾಜಿನ ಮೂಲೆಯಲ್ಲಿ
ಒಂದೇ ಒಂದು ಗಂಟೆಹೂ
ಮುದುರಿತು, ಬಿಚ್ಚಿತು.
ತೋರಿಸೋಣವೆಂದರೆ ಹತ್ತಿರದಲ್ಲಿ ವಾಚ್‌ಮನ್ ಮಾತ್ರ.
ಅವನೂ ನೋಡಿದ, ‘ಒಳ್ಳೇದಾ ಕೆಟ್ಟದ್ದಾ?’ ಅಂದ.

ಮಗಳ ಶಾಲೆಯ ಫಾರಮ್ಮಿನಲ್ಲಿ ತಾಯಿಯ ಕೆಲಸ ಅಂತೊಂದು ಗೆರೆ.
‘ನೀರು ಶುದ್ಧ ಮಾಡುವುದು’ ಎಂದು ಅವಳೇ ಬರೆದಿದ್ದಾಳೆ, ಮುದ್ದಾಗಿ.
ತಿದ್ದಲಿಲ್ಲ. ನೀರು ತಾನೇ ಶುದ್ಧವಾಗುತ್ತದೆ ಪುಟ್ಟಿ,
ನಾನು ಕೆಸರು ಸಾಕುವವಳು.

ಎರಡೂ ನಲವತ್ತು.
ಮುನ್ನೂರ ನಲವತ್ತು.
ಮೂಗು ಹತ್ತಿರ ತಂದೆ: ಉತ್ತ ಹೊಲಕ್ಕೆ
ಮೊದಲ ಹನಿ ಬಿದ್ದಂಥ ವಾಸನೆ, ಸ್ವಲ್ಪ.
ಮುಳ್ಳು ನಿನ್ನೆ ಇದ್ದಲ್ಲೇ ಇದೆ.
ಅಂಕಿ ಬರೆದು ಸಹಿ ಹಾಕುವ ಮುಂಚೆ
ಈಗೀಗ ಒಂದು ಸಲ ಹಿಂದಿನ ಸಾಲು ಓದುತ್ತೇನೆ.

ಕೊಳವೆ ಹಿಡಿದು ಕತ್ತಲಲ್ಲಿ ತೊಟ್ಟಿಯ ಕಟ್ಟೆಗೆ ಹತ್ತಿದೆ,
ಇದ್ದದ್ದನ್ನು ಇದ್ದಲ್ಲಿಗೇ ಸುರಿದೆ.
ಕಬ್ಬಿನ ಟ್ರ್ಯಾಕ್ಟರೊಂದು ರಸ್ತೆಯಲ್ಲಿ ಏದುತ್ತ ಹೋಯಿತು.
ಬ್ಲೋವರುಗಳು, ಎರಡೂ.