ಒಂದೇ ಗುಂಪು

ಕುತಾಯಿಸಿಯ ಆಸ್ಪತ್ರೆ, ಎರಡನೇ ಮಹಡಿ.
ನನ್ನ ತಮ್ಮ ನೋದಾರನ ಕಣ್ಣಿನ ಬಿಳಿ
ಹಳೆ ಪಿಯಾನೋದ ಮನೆಗಳ ಹಾಗೆ ಹಳದಿ.
ಬೈಯುವುದು ನನಗೆ ಮೂವತ್ತು ವರ್ಷದ ಅಭ್ಯಾಸ:
ಕುಡಿ, ಇನ್ನೂ ಕುಡಿ.

ಅವನು ತಮದಾ, ಔತಣದ ಮೇಜಿಗೆ ಯಜಮಾನ.
ಅವನೆದ್ದು ಮಾತಾಡುವ ತನಕ
ಯಾರೂ ಲೋಟ ಎತ್ತುವಂತಿಲ್ಲ.
ಸತ್ತವರಿಗೊಂದು, ಹುಟ್ಟಲಿರುವವರಿಗೊಂದು,
ತಾಯಂದಿರಿಗೆ, ಒಮ್ಮೆ ನೆರೆಮನೆಯ ಹಸುವಿಗೂ.
ತಳದಲ್ಲಿ ಹನಿ ಉಳಿದರೆ
ಆಡಿದ ಮಾತು ಸುಳ್ಳಾದಂತೆ.
ಹಿತ್ತಲಲ್ಲಿ ಕತ್ತಿನವರೆಗೆ ಹೂತ ಗುಡಾಣಗಳನ್ನು
ಚೆರಿ ತೊಗಟೆಯಿಂದ ತಿಕ್ಕಿ ತೊಳೆಯುತ್ತಿದ್ದವಳು ನಾನು.
ತೊಳೆದೆ, ಕುಡಿಯಲಿಲ್ಲ.
ವಾಸನೆಗೇ ನನಗೆ ತಲೆನೋವು.

ಡಾಕ್ಟರ್ ಎಕಾತೆರಿನೆ, ನನ್ನ ಮಗಳ ವಯಸ್ಸು,
ಹೇಳಿದಳು: ದ್ರಾಕ್ಷಿಯೊಂದೇ ಅಲ್ಲ,
ಒಳಗೆ ಸಿ ಅನ್ನುವ ವೈರಸ್ಸೂ ಇದೆ.
ಒಂದೇ ಮನೆಗೆ ಇಬ್ಬರು ಕಳ್ಳರು;
ಒಬ್ಬ ಹಾಡುತ್ತಾ ಮುಂಬಾಗಿಲಿಂದ ಬಂದ,
ಇನ್ನೊಬ್ಬ ಬಂದದ್ದೇ ಗೊತ್ತಾಗಲಿಲ್ಲ.
ಹಚ್ಚೆ? ಹಲ್ಲಿನ ಡಾಕ್ಟರು?
ಯಾವತ್ತಾದರೂ ರಕ್ತ ಹಾಕಿಸಿದ್ದಿರಾ?

ಹಾಕಿಸಿದ್ದೆವು.
ತೊಂಬತ್ತಮೂರರ ಚಳಿಗಾಲ, ಊರಿಗೇ ಕರೆಂಟಿಲ್ಲ,
ಲಾರಿ ಮಗುಚಿ ತೊಡೆ ಸೀಳಿಕೊಂಡು ಬಂದಿದ್ದ.
ಸೀಮೆಎಣ್ಣೆ ದೀಪ ಹಿಡಿದವನೊಬ್ಬ ಕೇಳಿದ:
ಇವನ ಗುಂಪು ಯಾರದು?
ನನ್ನದು, ಅಂದೆ. ತೋಳು ಚಾಚಿದೆ.
ಪರೀಕ್ಷೆ ಗಿರೀಕ್ಷೆ ಯಾರು ಮಾಡುತ್ತಾರೆ,
ಅವತ್ತು ಬ್ರೆಡ್ಡೇ ಇರಲಿಲ್ಲ.
ಬದುಕಿದ. ಇವನಿಗೆ ನೀನು ಎರಡನೇ ತಾಯಿ,
ಎನ್ನುತ್ತಿದ್ದಳು ಅಮ್ಮ, ಸಾಯುವ ತನಕ.

ನಿಮ್ಮದನ್ನೂ ನೋಡೋಣ, ಅಂದಳು ಎಕಾತೆರಿನೆ.
ಬೆರಳ ತುದಿಗೆ ಚುಚ್ಚಿದಳು.
ಬಿಳಿ ಪಟ್ಟಿಯ ಮೇಲೆ ಒಂದು ಗೆರೆ.
ಆಮೇಲೆ, ಊಟ ಮುಗಿದ ಮೇಲೆ ಬಂದ ನೆಂಟನಂತೆ
ಇನ್ನೊಂದು.

ಇಬ್ಬರಿಗೂ ಚಿಕ್ಕಂದಿನಲ್ಲೇ ಬಂದಿರಬಹುದು,
ಶಾಲೆಯಲ್ಲಿ ಎಲ್ಲರಿಗೂ ಒಂದೇ ಸಿರಿಂಜು ತಾನೆ,
ಅಂದಳು ಆ ಹುಡುಗಿ. ಒಳ್ಳೆಯ ಹುಡುಗಿ.
ಇರಬಹುದು.
ನನ್ನ ಲಿವರು ಇನ್ನೂ ಮೆತ್ತಗಿದೆಯಂತೆ.
ಅವನದು ಒಣಗಿದ ಚಪ್ಪಲಿ;
ಮಾತ್ರೆ ವೈರಸ್ಸನ್ನು ಓಡಿಸುತ್ತದೆ,
ಚಪ್ಪಲಿಯನ್ನು ಮತ್ತೆ ಚರ್ಮ ಮಾಡುವುದಿಲ್ಲ.

ಅವನಿಗೆ ಹೇಗೆ ಹೇಳಲಿ ಅಂತ
ಮೂರು ದಿನ ಮೆಟ್ಟಿಲ ಮೇಲೆ ಕೂತೆ.
ನಾಲ್ಕನೇ ದಿನ ನನ್ನ ಚೀಲದಲ್ಲಿ ಕಿತ್ತಳೆ ಹುಡುಕುತ್ತಾ
ಅವನೇ ಕಂಡ, ತನ್ನದೇ ಮಾತ್ರೆಯ ಡಬ್ಬಿ,
ಮೇಲೆ ಲಮಾರಾ ಎಂದು ನನ್ನ ಹೆಸರು.
ತುಂಬಾ ಹೊತ್ತು ಓದಿದ. ಇರುವುದು ಮೂರಕ್ಷರ.

ನೀರು ಹಿಡಿದು ಹರಸಿದರೆ ಶಾಪ ಅನ್ನುತ್ತಾರೆ ನಮ್ಮಲ್ಲಿ.
ಮಂಚದ ಕಂಬಿ ಹಿಡಿದು ಎದ್ದ,
ನೀರಿನ ಲೋಟ ಎತ್ತಿದ,
ಪಕ್ಕದ ಹಾಸಿಗೆಯವರೂ ಸುಮ್ಮನಾದರು.
ನನ್ನ ಅಕ್ಕನ ರಕ್ತಕ್ಕೆ, ಅಂದ,
ಇದಿಲ್ಲದಿದ್ದರೆ ಇಷ್ಟೆಲ್ಲ ಕುಡಿಯಲು
ನಾನೆಲ್ಲಿ ಇರುತ್ತಿದ್ದೆ?

ಮಾತ್ರೆ ನುಂಗಿದೆವು.
ತಳ ತೋರಿಸು, ಅಂದ.
ತೋರಿಸಿದೆ.