ಐದು ಎಂಟು ಐದು

ಬೆಳಿಗ್ಗೆ ಹತ್ತಕ್ಕೆ ನಾನು ಗುವಾಹಟಿಯವಳು.
ಹನ್ನೊಂದಕ್ಕೆ ಲೇಹ್‌ನಲ್ಲಿ ಮನೆ ಮಾಡಿದೆ,
ಹೆಸರು ಪರೀಕ್ಷೆ, ಅಡ್ಡಹೆಸರೂ ಪರೀಕ್ಷೆ,
ಫೋನಿಗೆ ಹತ್ತು ಸೊನ್ನೆ.
ಇಪ್ಪತ್ತು ರೊಟ್ಟಿ ಬುಟ್ಟಿಗೆ ಹಾಕಿ
ಸಾಗಣೆಗೆ ಎಷ್ಟು ಕೇಳುತ್ತದೆ ನೋಡುವುದು,
ಬರೆದುಕೊಳ್ಳುವುದು, ದುಡ್ಡು ಕೊಡದೆ ಎದ್ದುಬರುವುದು.
ಊಟದ ಹೊತ್ತಿಗೆ ಹದಿನಾಲ್ಕು ಊರಿನ ಹೆಣ್ಣು ನಾನು,
ಎಲ್ಲೂ ಒಂದು ತುತ್ತು ತಿನ್ನದವಳು.

ಶಹಾಬಜಾರದ ಈ ಮಾಳಿಗೆಯಲ್ಲಿ
ಕೆಳಗೆ ಆರು ಒಲೆ, ಮೇಲೆ ಒಂದು ಲ್ಯಾಪ್‌ಟಾಪು.
ರೊಟ್ಟಿ ಬಡಿಯುವ ಸದ್ದು ನೆಲದಿಂದ ಕಾಲಿಗೆ ಏರುತ್ತದೆ.
ಜಗದೇವಕ್ಕ ಮೆಟ್ಟಿಲ ಮೇಲೆ ನಿಂತು ಅಂದಳು:
“ದಿನಾ ನೂರು ಡಬ್ಬಿ ಹೊಂಟಾವ, ರೊಕ್ಕ ಎಲ್ಲಿ ಹೊಂಟದ?
ಹುಡುಕಿ ಹೇಳು.”

ಹುಡುಕಿದೆ.
ಐದುನೂರು ದಾಟಿದರೆ ಸಾಗಣೆ ಪುಕ್ಕಟೆ ಅಂತ
ಯಾರೋ ದೀಪಾವಳಿಗೆ ಹಚ್ಚಿದ್ದು
ಹೋಳಿ ಮುಗಿದರೂ ಆರಿಸಿಲ್ಲ.
ಅಂಡಮಾನಿಗೂ ಪುಣೆಗೂ ಒಂದೇ ದರ, ಎಪ್ಪತ್ತು.
ತೂಕದ ಕಾಲಂ ಖಾಲಿ, ಹಾಗಾಗಿ ಯಂತ್ರದ ಲೆಕ್ಕದಲ್ಲಿ
ಅರ್ಧ ಕಿಲೋ ಶೇಂಗಾ ಹಿಂಡಿಗೆ ಭಾರವೇ ಇಲ್ಲ.
ಕುಟ್ಟಿದ ಸಾಬವ್ವನ ರಟ್ಟೆಯನ್ನು ಕೇಳಬೇಕು.

ದೊಡ್ಡ ತೂತು ಬೇರೆ ಕಡೆ ಇತ್ತು.
ಇಪ್ಪತ್ತು ಕಡಕ್ ರೊಟ್ಟಿ, ತಕ್ಕಡಿಯಲ್ಲಿ ಒಂಬೈನೂರು ಗ್ರಾಂ.
ಕೊರಿಯರಿನ ಪೀರಪ್ಪ ತಕ್ಕಡಿ ನಂಬುವುದಿಲ್ಲ,
ಅಳತೆಪಟ್ಟಿ ಹಿಡಿಯುತ್ತಾನೆ:
ಉದ್ದ ಮೂವತ್ತು, ಅಗಲ ಮೂವತ್ತು, ಎತ್ತರ ಹದಿನೈದು,
ಗುಣಿಸಿ, ಐದು ಸಾವಿರಕ್ಕೆ ಭಾಗಿಸಿ
ಎರಡು ಕಿಲೋ ಏಳುನೂರು ಅನ್ನುತ್ತಾನೆ.
ಅಂದರೆ ಡಬ್ಬಿಗೊಂದು ಕಿಲೋ ಎಂಟುನೂರು
ಕಲಬುರಗಿಯ ಗಾಳಿಯನ್ನು
ಬಾಡಿಗೆ ಕೊಟ್ಟು ಕಳಿಸುತ್ತಿದ್ದೇವೆ,
ಅದೂ ಮಾರ್ಚಿನ ಬಿಸಿಗಾಳಿ.

ಡಬ್ಬಿ ಅಂಟಿಸುತ್ತಿದ್ದ ಖಾಜಾಬಿ ನಕ್ಕಳು.
“ರೊಟ್ಟಿ ದುಂಡಗ ಅದ, ಡಬ್ಬಿ ಚೌಕ ಅದ.
ನಾಕೂ ಮೂಲಿಗಿ ಹಿಂಡಿ ಪಾಕೀಟು ತುರುಕು.
ರೊಟ್ಟಿನೂ ಮುರಿಯಂಗಿಲ್ಲ, ಅವನ ಬಾಯೀನೂ ಮುಚ್ತದ.”
ಖಾಜಾಬಿ ನಾಲ್ಕನೇ ಇಯತ್ತೆ. ನಾನು ಎಂಕಾಂ.

ಮೂರು ಗಂಟೆಗೆ, ಸುಮ್ಮನೆ, ಈ ಮನೆಯದೇ ಪಿನ್ ಹಾಕಿದೆ.
‘ದೂರದ ಪ್ರದೇಶ. ನೂರಾ ನಲವತ್ತೊಂಬತ್ತು.’
ಬೆಂಗಳೂರಿಗೆ ಅರವತ್ತು, ಅಂಡಮಾನಿಗೆ ಎಪ್ಪತ್ತು,
ಒಲೆ ಉರಿಯುತ್ತಿರುವ ಓಣಿಗೆ ನೂರಾ ನಲವತ್ತೊಂಬತ್ತು.
ಇಡೀ ಐದು ಎಂಟು ಐದು, ಬೀದರಿನಿಂದ ಯಾದಗಿರಿ ತನಕ,
ಯಾವ ವಲಯಕ್ಕೂ ಸೇರದೆ
ಪಟ್ಟಿಯ ತಳದ ‘ಉಳಿದವು’ ಎಂಬ ಚೀಲದಲ್ಲಿ ಬಿದ್ದಿತ್ತು.

“ಬೇಕಂತಲೇ ಬಿಟ್ಟೀನಿ” ಅಂದಳು ಜಗದೇವಕ್ಕ.
“ನಮ್ಮ ಕಡಿ ಮನಿಮನಿಗಿ ಬಡೀತಾರ. ಕೊಳ್ಳವರು ಯಾರ?”

ಅರ್ಧಕ್ಕೆ ಬಿಟ್ಟ ಬುಟ್ಟಿಗಳ ಪಟ್ಟಿ ತೆರೆದೆ.
ಚಂದಮ್ಮ ಹೂಗಾರ, ಕಾಳಗಿ.
ಫೆಬ್ರವರಿ ಇಪ್ಪತ್ತೆಂಟು. ಮಾರ್ಚ್ ಮೂರು. ಮಾರ್ಚ್ ಒಂಬತ್ತು.
ಮೂರು ಸಲ ಅದೇ ಇಪ್ಪತ್ತು ರೊಟ್ಟಿ,
ಮೂರು ಸಲ ಸಾಗಣೆಯ ಪುಟದಿಂದ ವಾಪಸು.
ಸೂಚನೆಯ ಜಾಗದಲ್ಲಿ, ಯಾವುದೋ ಹುಡುಗ ಬರೆದುಕೊಟ್ಟಂತೆ:
ಬಲಗೈ ಮಣಿಕಟ್ಟು ಮುರದದ. ತೆಳ್ಳಗ ಇರ್ಲಿ.

ಜಗದೇವಕ್ಕ ತನ್ನ ಕೈ ನೋಡಿಕೊಂಡಳು, ಹಿಟ್ಟು ಒಣಗಿದ ಕೈ.
“ಓಣ್ಯಾಗ ಕೇಳ್ಲಾಕ ನಾಚಿಕಿ ಬಂದಿರಬೇಕು.”
ಎರಡು ಮೆಟ್ಟಿಲು ಇಳಿದವಳು ತಿರುಗಿ:
“ಕಾಳಗಿಗಿ ಕೊರಿಯರ್ ಯಾಕ? ನಾಕೂವರಿ ಬಸ್ಸಿಲ್ಲೇನು?”

ಮೆನುವಿನಲ್ಲಿ ವಿಮಾನ ಇದೆ, ಲಾರಿ ಇದೆ.
ಬಸ್ಸಿಲ್ಲ.
‘ಹೊಸ ವಿಧಾನ ಸೇರಿಸಿ’ ಅನ್ನುವ ಪುಟ್ಟ ಗುಂಡಿ ಒತ್ತಿದೆ.
ವಲಯ: ಐದು ಎಂಟು ಐದು,
ಮುಂದೆ ಏನೇ ಬರಲಿ ಅನ್ನುವ ಒಂದು ಚುಕ್ಕಿ.
ಹೆಸರು: ಕೆಂಪು ಬಸ್ಸು, ಕಂಡಕ್ಟರ್ ಕೈಯಲ್ಲಿ.
ದರ: ಇಪ್ಪತ್ತು.
ತಲುಪುವ ಸಮಯ ಕೇಳಿತು.
ಕೆಳಗಿಂದ ಕೂಗಿದ್ದನ್ನೇ ಬರೆದೆ: ದೀಪ ಹಚ್ಚೂ ಹೊತ್ತಿಗಿ.
ಯಂತ್ರ ಒಪ್ಪಲಿಲ್ಲ, ಅಂಕಿಯೇ ಬೇಕಂತೆ.
ಒಂದು ಅಂತ ಹಾಕಿದೆ.
ಒಂದು ಏನು ಅಂತ
ಅದು ಕೇಳಲಿಲ್ಲ.